ಬೀಜಕ್ಕೆ ಬರುವ ವಿದ್ಯೆ ಗಿಡಕ್ಕೇಕೆ ಬರುವುದಿಲ್ಲ?

ಒಣಗಿದ ಗೋಧಿ ಕಾಳಿನ ತೂಕದಲ್ಲಿ ನೀರಿನ ಪಾಲು ನೂರಕ್ಕೆ ಹತ್ತು–ಹನ್ನೆರಡು ಅಷ್ಟೇ. ಅದೇ ಗೋಧಿಯ ಹಸಿರೆಲೆಯಲ್ಲಿ ಇದು ನೂರಕ್ಕೆ ಎಂಬತ್ತರ ಹತ್ತಿರ ಇರುತ್ತದೆ. ಎಲೆ ತನ್ನೊಳಗಿನ ನೀರಿನ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡರೆ ಚೇತರಿಸಿಕೊಳ್ಳುವುದು ಕಷ್ಟ. ಇನ್ನಷ್ಟು ಒಣಗಿತೋ, ಎಷ್ಟು ನೀರು ಹಾಯಿಸಿದರೂ ಏಳುವುದಿಲ್ಲ. ಕಾಳಾದರೋ ವರ್ಷಗಟ್ಟಲೆ ಒಣಗಿ ಕೂತಿದ್ದು, ಒದ್ದೆಯಾದ ಒಂದೆರಡು ದಿನದಲ್ಲಿ ಬೇರು ಚಾಚುತ್ತದೆ. ಕಾಳಿನೊಳಗಿನ ಭ್ರೂಣದಲ್ಲೂ ಅದರಿಂದ ಹುಟ್ಟಿದ ಗಿಡದ ಎಲೆಯಲ್ಲೂ ಇರುವುದು ಒಂದೇ ವಂಶವಾಹಿಗಳು. ಅಂದರೆ ಬರವನ್ನು ದಾಟುವ ಸೂತ್ರ ಗಿಡದ ಬಳಿ ಇದ್ದೇ ಇದೆ. ಬಾಳಿನ ಒಂದು ಘಟ್ಟದಲ್ಲಿ ಅದನ್ನು ಬಳಸುತ್ತದೆ, ಮಿಕ್ಕ ಹೊತ್ತಿನಲ್ಲಿ ಮುಚ್ಚಿಡುತ್ತದೆ.

ಹಾಗಾದರೆ ಆ ಸೂತ್ರವನ್ನು ಎಲೆಯಲ್ಲೂ ತೆರೆದುಬಿಟ್ಟರೆ ಬರಕ್ಕೆ ಬಗ್ಗದ ಬೆಳೆ ಸಿಗುವುದಿಲ್ಲವೇ? ಬೀಜದ ಶರೀರಕ್ರಿಯೆಯನ್ನು ಓದುವವರನ್ನೂ ಬೆಳೆಗಳ ಒತ್ತಡವನ್ನು ಓದುವವರನ್ನೂ ಒಂದೇ ಮೇಜಿಗೆ ತಂದು ಕೂರಿಸಿರುವ ಪ್ರಶ್ನೆ ಇದು. ಬರ, ಬಿಸಿ, ಉಪ್ಪು, ನೆರೆ, ಚಳಿ ಎಲ್ಲವನ್ನೂ ಸಸ್ಯವಿಜ್ಞಾನಿಗಳು ‘ಒತ್ತಡ’ ಎಂಬ ಒಂದೇ ಹೆಸರಿನಡಿ ಸೇರಿಸುತ್ತಾರೆ. ಪ್ರಶ್ನೆಗೆ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಆ ‘ಅಲ್ಲ’ ಯಾಕೆ ಎಂಬುದು ಹೆಚ್ಚು ಸ್ವಾರಸ್ಯದ್ದು.

ಒಣಗುವ ಮೊದಲೇ ತಯಾರಿ

ಹೂವು ಕಾಯಿ ಕಚ್ಚಿದ ಮೇಲೆ ಬೀಜ ಮೂರು ಘಟ್ಟ ದಾಟುತ್ತದೆ. ಮೊದಲು ಭ್ರೂಣ ರೂಪ ತಳೆಯುತ್ತದೆ: ಇದು ಬೇರಾಗುವ ತುದಿ, ಇದು ಕಾಂಡವಾಗುವ ತುದಿ, ಇವು ಬೀಜದಳ. ಆಮೇಲೆ ಪಿಷ್ಟ, ಪ್ರೋಟೀನು, ಎಣ್ಣೆ ತುಂಬಿಕೊಳ್ಳುತ್ತವೆ. ತೆನೆ ಹಾಲುಗಾಳಾಗಿದೆ ಎನ್ನುವುದು ಈ ಹೊತ್ತಿನಲ್ಲೇ. ಕೊನೆಗೆ ಒಣಗುತ್ತದೆ. ಆದರೆ ಒಣಗಿಯೂ ಬದುಕುವ ಶಕ್ತಿ ಒಣಗುವಾಗ ಬರುವುದಲ್ಲ, ಅದಕ್ಕೂ ಮುಂಚೆ, ಕಾಳು ತುಂಬುತ್ತಿರುವಾಗಲೇ ಹಂತಹಂತವಾಗಿ ಕೂಡಿಬರುತ್ತದೆ. ಎಳೆ ಹಾಲುಗಾಳನ್ನು ಕಿತ್ತು ಬಿರಬಿರನೆ ಒಣಗಿಸಿದರೆ ಭ್ರೂಣ ಸಾಯುತ್ತದೆ. ಕೆಲವು ವಾರ ಬಿಟ್ಟು ಅದೇ ತೆನೆಯ ಕಾಳನ್ನು ಅದೇ ರೀತಿ ಒಣಗಿಸಿದರೆ ಏನೂ ಆಗುವುದಿಲ್ಲ.

ಈ ತಯಾರಿಗೆ ಸೂಚನೆ ಕೊಡುವ ಮುಖ್ಯ ಹಾರ್ಮೋನು ಅಬ್ಸಿಸಿಕ್ ಆಮ್ಲ. 1960ರ ದಶಕದಲ್ಲಿ ಎರಡು ಗುಂಪುಗಳು ಇದನ್ನು ಬೇರೆ ಬೇರೆ ದಾರಿಯಲ್ಲಿ ಕಂಡುಕೊಂಡವು. ಒಂದು ಹತ್ತಿಯ ಕಾಯಿ ಉದುರುವುದೇಕೆ ಎಂದು ಹುಡುಕುತ್ತಿತ್ತು, ಇನ್ನೊಂದು ಮರದ ಮೊಗ್ಗುಗಳು ಚಳಿಗಾಲದಲ್ಲಿ ಮಲಗುವುದೇಕೆ ಎಂದು. ಉದುರುವಿಕೆಗೆ ಅಂಟಿದ ಹೆಸರೇ ಉಳಿದುಕೊಂಡಿತು, ಅದರ ನಿಜವಾದ ಕೆಲಸ ಮಾತ್ರ ಬೇರೆ. ಬೀಜದಲ್ಲಿ ಅದು ‘ಈಗ ಮೊಳೆಯಬೇಡ, ಒಣಗಲು ಸಜ್ಜಾಗು’ ಎನ್ನುತ್ತದೆ. ಎಲೆಯಲ್ಲಿ, ಮಣ್ಣು ಒಣಗಿದಾಗ, ‘ಪತ್ರರಂಧ್ರ ಮುಚ್ಚು’ ಎನ್ನುತ್ತದೆ. ಬೀಜದ ನಿದ್ದೆಗೂ ಎಲೆಯ ಬರಗಾಲಕ್ಕೂ ಒಂದೇ ಅಣು ದೂತನಾಗಿರುವುದು ಕಾಕತಾಳೀಯವಲ್ಲ. ಎರಡೂ ಕಡೆ ಅದು ಹೇಳುವುದು ‘ನಿಲ್ಲು’ ಎಂದೇ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜೀವಕೋಶದಿಂದ ನೀರು ಹೊರಟುಹೋದರೆ ಆಗುವ ಹಾನಿ ಒಂದೆರಡಲ್ಲ. ದೂರವಿರಬೇಕಾದ ಪೊರೆಗಳು ಹತ್ತಿರ ಬಂದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಪ್ರೋಟೀನುಗಳು ಮಡಿಕೆ ಬಿಚ್ಚಿ ಮುದ್ದೆಯಾಗುತ್ತವೆ. ಉಸಿರಾಟದ ಸರಪಳಿ ತಾಳ ತಪ್ಪಿ, ಸಿಕ್ಕಿದ್ದನ್ನೆಲ್ಲ ಸುಡುವ ಉಗ್ರ ಆಮ್ಲಜನಕದ ಅಣುಗಳು ಹುಟ್ಟುತ್ತವೆ. ಬೀಜ ಇವಕ್ಕೆಲ್ಲ ಒಂದೊಂದು ಉತ್ತರ ಇಟ್ಟುಕೊಂಡಿದೆ.

ಮೊದಲನೆಯದು ಸಕ್ಕರೆ. ಸುಕ್ರೋಸ್ ಮತ್ತು ರಾಫಿನೋಸ್ ಜಾತಿಯ ಸಕ್ಕರೆಗಳು ಕೋಶದ ತುಂಬ ಸೇರಿಕೊಳ್ಳುತ್ತವೆ. ನೀರು ಕಡಿಮೆಯಾದಂತೆ ಅವು ಪೊರೆಗಳ ನಡುವೆ ನೀರು ಬಿಟ್ಟುಹೋದ ಜಾಗದಲ್ಲಿ ಕೂರುತ್ತವೆ. ಕಾಸಿದ ಸಕ್ಕರೆ ಪಾಕ ತಟ್ಟನೆ ಆರಿದಾಗ ಹರಳುಗಟ್ಟದೆ ಪಾರದರ್ಶಕ ಗಟ್ಟಿ ಮಿಠಾಯಿಯಾಗುತ್ತದಲ್ಲ, ಒಣಬೀಜದ ಕೋಶರಸವೂ ಹಾಗೇ ಗಾಜಿನ ಸ್ಥಿತಿಗೆ ಬರುತ್ತದೆ. ಅಲ್ಲಿ ಅಣುಗಳು ಇದ್ದಲ್ಲೇ ಸಿಕ್ಕಿಹಾಕಿಕೊಂಡು ರಾಸಾಯನಿಕ ಕ್ರಿಯೆಗಳು ಬಲು ನಿಧಾನವಾಗುತ್ತವೆ. ಪೂರ್ತಿ ನಿಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. ಒಣಬೀಜವೂ ಮುಪ್ಪಾಗುತ್ತದೆ.

ಎರಡನೆಯ ಉತ್ತರ ಒಂದು ವಿಚಿತ್ರ ಪ್ರೋಟೀನು ಕುಟುಂಬ. ಲಿಯನ್ ಡ್ಯೂರ್ ಮತ್ತು ಸಂಗಡಿಗರು ಹತ್ತಿಬೀಜದಲ್ಲಿ, ಭ್ರೂಣ ಬಲಿಯುವ ಕೊನೆಯ ಹಂತದಲ್ಲಿ ಹೇರಳವಾಗುವ ಪ್ರೋಟೀನುಗಳನ್ನು ಗುರುತಿಸಿ 1981ರಲ್ಲಿ ವರದಿ ಮಾಡಿದರು. ಈ ವರ್ಣನೆಯ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಈಗ ಅವನ್ನು ಎಲ್‌ಇಎ ಪ್ರೋಟೀನು ಎನ್ನುತ್ತಾರೆ. ಸಾಮಾನ್ಯ ಪ್ರೋಟೀನು ನೀರಿನಲ್ಲಿ ಅಚ್ಚುಕಟ್ಟಾಗಿ ಮಡಿಚಿಕೊಂಡಿದ್ದು ಒಣಗಿದಾಗ ಕೆಡುತ್ತದೆ. ಇವುಗಳಲ್ಲಿ ಬಹುಪಾಲು ತದ್ವಿರುದ್ಧ: ನೀರಿದ್ದಾಗ ಆಕಾರವಿಲ್ಲದೆ ಸಡಿಲವಾಗಿದ್ದು, ಒಣಗುತ್ತ ಹೋದಂತೆ ಆಕಾರ ಪಡೆಯುತ್ತವೆ. ಪಕ್ಕದ ಪ್ರೋಟೀನುಗಳು ಮುದ್ದೆಗಟ್ಟದಂತೆಯೂ ಪೊರೆಗಳು ಹರಿಯದಂತೆಯೂ ಕಾಯುತ್ತವೆ.

ಮೂರನೆಯದು ಹಸಿರನ್ನು ಕಳಚುವುದು. ನೀರಿಲ್ಲದ ಕೋಶದಲ್ಲಿ ಪತ್ರಹರಿತ್ತು ಇರುವುದು ಅಪಾಯ. ಅದು ಬೆಳಕನ್ನು ಹಿಡಿಯುತ್ತಲೇ ಇರುತ್ತದೆ, ಹಿಡಿದ ಶಕ್ತಿಯನ್ನು ಬಳಸುವವರು ಮಾತ್ರ ಯಾರೂ ಇರುವುದಿಲ್ಲ. ಆ ಶಕ್ತಿ ಆಮ್ಲಜನಕಕ್ಕೆ ಹಾಯ್ದು ಉಗ್ರ ಅಣುಗಳಾಗುತ್ತದೆ. ಹಾಗಾಗಿ ಬಹಳಷ್ಟು ಬೆಳೆಗಳ ಬೀಜ ಬಲಿಯುವಾಗ ಹಸಿರು ಬಿಡುತ್ತದೆ. ಸೋಯಾ ಅವರೆಯ ಕಾಳು ತುಂಬುವಾಗ ಬರ ಮತ್ತು ಬಿಸಿ ಒಟ್ಟಿಗೆ ಬಡಿದು ಗಿಡ ಅಕಾಲಕ್ಕೆ ಒಣಗಿದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಕಾಳು ಹಸಿರಾಗಿಯೇ ಉಳಿಯುತ್ತದೆ. ಇಂಥ ಹಸಿರುಕಾಳು ಹೆಚ್ಚಾಗಿರುವ ಬಿತ್ತನೆ ಬೀಜ ದಾಸ್ತಾನಿನಲ್ಲಿ ಬೇಗ ಕೆಡುತ್ತದೆ.

ಇಷ್ಟೆಲ್ಲ ಸರಿಯಾಗಿ ನಡೆದರೆ ಬೀಜ ಎಷ್ಟು ಕಾಲ ಬಾಳಬಹುದು? ಮೃತಸಮುದ್ರದ ಪಕ್ಕದ ಮಸಾಡಾ ಕೋಟೆಯಲ್ಲಿ ಸಿಕ್ಕ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆತು ಗಿಡವಾಯಿತು. ಸೈಬೀರಿಯಾದ ಹಿಮನೆಲದಲ್ಲಿ ಸಿಕ್ಕ 30,000 ವರ್ಷಕ್ಕೂ ಹಳೆಯ ‘ಬೀಜ’ ಮೊಳೆಯಿತು ಎಂಬ ಸುದ್ದಿ ಆಗಾಗ ಸುತ್ತುತ್ತಿರುತ್ತದೆ. ಅಲ್ಲಿ ಬೀಜ ಮೊಳೆಯಲಿಲ್ಲ. 2012ರಲ್ಲಿ ವರದಿಯಾದ ಆ ಪ್ರಯೋಗದಲ್ಲಿ ಕಾಯಿಯ ಅಂಗಾಂಶವನ್ನು ಗಾಜಿನ ಬಟ್ಟಲಿನಲ್ಲಿ ಬೆಳೆಸಿ ಗಿಡ ಮಾಡಿದ್ದು. ಅದೂ ದೊಡ್ಡ ಸಾಧನೆಯೇ, ಆದರೆ ಬೀಜದ ಸಾಧನೆಯಲ್ಲ.

ಸಂಗ್ರಹದ ಲೆಕ್ಕಕ್ಕೆ ಬೀಜ ತಜ್ಞ ಹ್ಯಾರಿಂಗ್ಟನ್ ಕೊಟ್ಟ ಸೂತ್ರ ಇವತ್ತಿಗೂ ಚಾಲ್ತಿಯಲ್ಲಿದೆ. ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದಂತೆ ಅದರ ಆಯುಸ್ಸು ಸುಮಾರು ಇಮ್ಮಡಿ. ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದರೂ ಸುಮಾರು ಇಮ್ಮಡಿ. ಇದು ಅಂದಾಜಿನ ಲೆಕ್ಕ, ತೇವಾಂಶ ಶೇಕಡಾ 5ರಿಂದ 14ರ ನಡುವೆ ಇದ್ದಾಗಷ್ಟೇ ಹೊಂದುತ್ತದೆ. ಕಾರಣ ಆಗಲೇ ಹೇಳಿದ ಗಾಜು: ತೇವ ಅಥವಾ ಬಿಸಿ ಏರಿದರೆ ಅದು ಮೆತ್ತಗಾಗುತ್ತದೆ, ನಿಧಾನವಾಗಿದ್ದ ಕ್ರಿಯೆಗಳು ಮತ್ತೆ ಓಡತೊಡಗುತ್ತವೆ.

ಬೇರು ಹೊರಬಂದರೆ ಬಾಗಿಲು ಮುಚ್ಚಿತು

ನೀರಿಗೆ ಬಿದ್ದ ಬೀಜ ಮೊದಲ ಕೆಲವು ಗಂಟೆ ಸರಸರನೆ ನೀರು ಹೀರುತ್ತದೆ. ಅದು ಭೌತಿಕ ಕ್ರಿಯೆ ಮಾತ್ರ, ಸತ್ತ ಬೀಜವೂ ಹೀರುತ್ತದೆ. ಆಮೇಲೆ ಹೀರುವುದು ನಿಂತಂತಾಗಿ, ಹೊರಗೆ ಏನೂ ಕಾಣದ ಒಂದು ಹೊತ್ತು ಬರುತ್ತದೆ. ಒಳಗೆ ಮಾತ್ರ ಪುರುಸೊತ್ತಿಲ್ಲ: ಹರಿದ ಪೊರೆಗಳ ರಿಪೇರಿ, ಮುರಿದ ಡಿಎನ್‌ಎ ಜೋಡಣೆ, ಹೊಸ ಪ್ರೋಟೀನುಗಳ ತಯಾರಿ. ಅಬ್ಸಿಸಿಕ್ ಆಮ್ಲ ಇಳಿದು, ‘ಮೊಳೆ’ ಎನ್ನುವ ಹಾರ್ಮೋನು ಜಿಬ್ಬರೆಲಿನ್ ಮೇಲುಗೈ ಪಡೆಯುತ್ತದೆ. ಮೂರನೆಯ ಘಟ್ಟದಲ್ಲಿ ಎಳೆಬೇರು ಸಿಪ್ಪೆ ಒಡೆದು ಹೊರಬರುತ್ತದೆ.

ಎರಡನೆಯ ಘಟ್ಟದವರೆಗೆ ಬೀಜವನ್ನು ಹಿಂದಕ್ಕೆ ಕರೆಯಬಹುದು. ನೆನೆದದ್ದನ್ನು ಮತ್ತೆ ಒಣಗಿಸಿದರೂ ಸಾಯುವುದಿಲ್ಲ. ಬೇರು ಹೊರಬಂದು ಉದ್ದವಾಗತೊಡಗಿತೋ, ಒಣಗಿ ಬದುಕುವ ಶಕ್ತಿ ಹೊರಟುಹೋಗುತ್ತದೆ. ಬಿತ್ತಿದ ಮೇಲೆ ಸಣ್ಣದೊಂದು ಮಳೆ ಬಂದು ಬೀಜ ಮೊಳೆತು, ಆಮೇಲೆ ಮೋಡ ಕೈಕೊಟ್ಟರೆ ಇಡೀ ಹೊಲ ಹುಸಿಹೋಗುವುದು ಇದಕ್ಕೇ. ಮಳೆ ಬಾರದೇ ಇದ್ದಿದ್ದರೆ ಅದೇ ಬೀಜ ಒಣಮಣ್ಣಿನಲ್ಲಿ ಸುಮ್ಮನೆ ಕಾಯುತ್ತಿತ್ತು. ಬೇರು ಕೆಲವೇ ಮಿಲಿಮೀಟರ್ ಇದ್ದಾಗ ಮೊಳಕೆಯನ್ನು ಅಬ್ಸಿಸಿಕ್ ಆಮ್ಲದಲ್ಲೋ ನೀರೆಳೆಯುವ ದ್ರಾವಣದಲ್ಲೋ ಇಟ್ಟರೆ ಕಳೆದ ಶಕ್ತಿ ಮರಳುವುದನ್ನು ಹಲವು ಜಾತಿಗಳಲ್ಲಿ ತೋರಿಸಿದ್ದಾರೆ. ಇನ್ನೂ ತುಸು ಉದ್ದವಾದರೆ ಅದೂ ಆಗದು. ಮುಚ್ಚಿದ ಸೂತ್ರವನ್ನು ಮತ್ತೆ ತೆರೆಯಬಹುದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಈ ತಿಳಿವಳಿಕೆಯಿಂದ ಹುಟ್ಟಿದ ಕಸುಬೇ ಬಿತ್ತುವ ಮುನ್ನ ಬೀಜವನ್ನು ಅರ್ಧ ಎಬ್ಬಿಸಿ ಮತ್ತೆ ಒಣಗಿಸುವುದು. 1973ರಲ್ಲಿ ಹೈಡೆಕರ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣದಲ್ಲಿ ಬೀಜ ನೆನೆಸಿ, ಬೇರು ಬಾರದಷ್ಟೇ ನೀರು ಸಿಗುವಂತೆ ನೋಡಿಕೊಂಡರು. ಹಾಗೆ ನೆನೆಸಿ ಒಣಗಿಸಿದ ಬೀಜ ಬಿತ್ತಿದಾಗ ಬೇಗನೆ, ಎಲ್ಲವೂ ಒಟ್ಟಿಗೆ ಮೊಳೆಯುತ್ತದೆ. ರಿಪೇರಿ ಕೆಲಸ ಮೊದಲೇ ಮುಗಿದಿರುತ್ತದಲ್ಲ. ಆದರೆ ಇಂಥ ಬೀಜವನ್ನು ಬಹುಕಾಲ ಇಡಲಾಗದು. ಅದು ಆಗಲೇ ಗಿಡವಾಗುವ ಕಡೆಗೆ ಹೆಜ್ಜೆ ಇಟ್ಟಿದೆ, ಕಾಯುವ ಶಕ್ತಿಯನ್ನು ಅಷ್ಟರಮಟ್ಟಿಗೆ ತೆತ್ತಿದೆ.

ಸತ್ತು ಬದುಕುವ ಗಿಡಗಳು

ಎಲ್ಲ ಬೀಜಗಳೂ ಒಣಗಿ ಬದುಕುವುದಿಲ್ಲ. 1973ರಲ್ಲಿ ಎರಿಕ್ ರಾಬರ್ಟ್ಸ್ ಬೀಜಗಳನ್ನು ಎರಡು ಬಣ ಮಾಡಿದರು: ಒಣಗಿಸಿ ಇಡಬಹುದಾದವು, ಒಣಗಿದರೆ ಸಾಯುವವು. ಮಾವು, ಹಲಸು, ರಬ್ಬರ್, ಕೋಕೋ ಎರಡನೆಯ ಬಣ. ಇವನ್ನು ಬೀಜಭಂಡಾರದ ಮೈನಸ್ 18 ಡಿಗ್ರಿಯಲ್ಲಿ ಒಣಗಿಸಿಡುವಂತಿಲ್ಲ. ತಾಯಿಮರದಿಂದ ಬಿದ್ದಾಗಲೇ ಇವು ಮೊಳೆಯುವ ದಾರಿಯಲ್ಲಿರುತ್ತವೆ.

ದಕ್ಷಿಣ ಆಫ್ರಿಕಾದ ಸಸ್ಯವಿಜ್ಞಾನಿ ಜಿಲ್ ಫ್ಯಾರಂಟ್ ಸಂಶೋಧನೆ ಶುರುಮಾಡಿದ್ದು ಹೀಗೆ ಒಣಗಲಾರದ ಬೀಜಗಳಿಂದ. ಆಮೇಲೆ ಅವರು ತಿರುಗಿದ್ದು ನೇರ ಎದುರು ತುದಿಗೆ: ಬೀಜ ಮಾತ್ರವಲ್ಲ, ಎಲೆ–ಬೇರು ಸಮೇತ ಇಡೀ ಗಿಡವೇ ಒಣಗಿ ಗರಿಗರಿಯಾಗಿ, ನೀರು ಬಿದ್ದ ಒಂದೆರಡು ದಿನದಲ್ಲಿ ಮತ್ತೆ ಹಸಿರಾಗುವ ಪುನರುಜ್ಜೀವಿ ಸಸ್ಯಗಳತ್ತ. ಹೂಬಿಡುವ ಸಸ್ಯಗಳು ಲಕ್ಷಗಟ್ಟಲೆ ಜಾತಿ ಇದ್ದರೂ ಈ ಸಾಮರ್ಥ್ಯ ಇರುವವು ಕೆಲವು ನೂರು ಮಾತ್ರ, ಅವೂ ಬಂಡೆಯ ಮೇಲಿನ ತೆಳುಮಣ್ಣಿನಂಥ ಕಡೆ ಬೆಳೆಯುವ ಕುಳ್ಳ ಗಿಡಗಳು. ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಫ್ಯಾರಂಟ್ ಕಟ್ಟಿಕೊಂಡ ಪ್ರಶ್ನೆ ಸರಳವಾಗಿತ್ತು. ಈ ಗಿಡಗಳು ಹೊಸದೇನನ್ನೋ ಕಂಡುಹಿಡಿದಿವೆಯೇ, ಅಥವಾ ಬೀಜದ ಹಳೆಯ ಸೂತ್ರವನ್ನೇ ಎಲೆಯಲ್ಲಿ ಓದುತ್ತಿವೆಯೇ?

2017ರಲ್ಲಿ ಫ್ಯಾರಂಟ್ ಅವರೂ ಸೇರಿದ ತಂಡವೊಂದು ಜೆರೋಫೈಟಾ ವಿಸ್ಕೋಸಾ ಎಂಬ ಇಂಥ ಸಸ್ಯದ ಇಡೀ ಜೀನೋಮ್ ಓದಿ ಪ್ರಕಟಿಸಿತು. ಎಲೆ ಒಣಗುವಾಗ ಬೀಜ ಬಲಿಯುವಾಗಿನ ವಂಶವಾಹಿಗಳೇ ಎಚ್ಚೆತ್ತಿದ್ದವು. ಬೀಜದ ಪಕ್ವತೆಯನ್ನು ಆಳುವ ಎಬಿಐ3, ಎಬಿಐ5 ಎಂಬ ನಿಯಂತ್ರಕಗಳ ಸಮಾನರೂಪಗಳ ಕೈವಾಡವೂ ಅಲ್ಲಿ ಕಂಡಿತು. ಈ ಗಿಡ ಒಣಗುವಾಗ ಬೀಜದಂತೆಯೇ ಪತ್ರಹರಿತ್ತನ್ನು ಕಳಚಿ ಹಾಕುತ್ತದೆ, ನೀರು ಬಂದ ಮೇಲೆ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಇನ್ನೊಂದು ಸಂಗತಿಯೂ ಮುಖ್ಯ. ಸಾಮಾನ್ಯ ಬೆಳೆಯಲ್ಲಿ ಬರ ಬಂದರೆ ಹಳೆ ಎಲೆಗಳು ಮುಪ್ಪಾಗಿ ಉದುರುತ್ತವೆ. ಜೆರೋಫೈಟಾದಲ್ಲಿ ಒಣಗುವುದಕ್ಕೂ ಮುಪ್ಪಿಗೂ ನಂಟು ಕಡಿದಿದೆ.

ಇಲ್ಲಿಗೆ ‘ಹೌದು’ ಮುಗಿಯಿತು. ಅದೇ ಅಧ್ಯಯನದಲ್ಲಿ, ಒಣಗುವಾಗ ಏರಿದ ವಂಶವಾಹಿ ಚಟುವಟಿಕೆಗಿಂತ ಇಳಿದದ್ದೇ ಹೆಚ್ಚಾಗಿತ್ತು. ಬೆಳವಣಿಗೆಯ ಯಂತ್ರವನ್ನೆಲ್ಲ ಆರಿಸಿದ ಮೇಲೆಯೇ ಆ ಗಿಡ ಒಣಗಲು ಕೂರುವುದು.

ಬದುಕುವುದು ಬೇರೆ, ತೆನೆ ಕೊಡುವುದು ಬೇರೆ

ಬೆಳೆ ಬದುಕಿ ಉಳಿದ ಮಾತ್ರಕ್ಕೆ ರೈತನ ಕಣಜ ತುಂಬುವುದಿಲ್ಲ. ಎಲೆ ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳಲು ಪತ್ರರಂಧ್ರ ತೆರೆಯಲೇಬೇಕು, ತೆರೆದರೆ ನೀರು ಆವಿಯಾಗಲೇಬೇಕು. ಒಂದು ಗ್ರಾಂ ಒಣಪದಾರ್ಥ ಕಟ್ಟಲು ಬೆಳೆ ನೂರಾರು ಗ್ರಾಂ ನೀರು ತೆರುತ್ತದೆ. ಅಬ್ಸಿಸಿಕ್ ಆಮ್ಲ ‘ನಿಲ್ಲು’ ಎಂದಾಗ ನೀರೂ ಉಳಿಯುತ್ತದೆ, ಕಾಳಿನ ಲೆಕ್ಕವೂ ನಿಲ್ಲುತ್ತದೆ. ಬೀಜಕ್ಕೆ ಈ ನಷ್ಟವಿಲ್ಲ, ಕಾಯುವುದೇ ಅದರ ಕೆಲಸ. ತಿಂಗಳೊಪ್ಪತ್ತು ನಿದ್ದೆಹೋಗುವ ಗೋಧಿಗಿಡ ಸಾಯದೆ ಉಳಿದೀತು, ಆದರೆ ಅಷ್ಟು ಹೊತ್ತಿಗೆ ಹಂಗಾಮು ಮುಗಿದಿರುತ್ತದೆ.

ಹಾಗಾಗಿ ‘ಬರ ತಾಳುವ ವಂಶವಾಹಿ ಪತ್ತೆ’ ಎಂಬ ತಲೆಬರಹ ಕಂಡಾಗ ನಾನು ಮೊದಲು ಹುಡುಕುವುದು ಒಂದೇ: ಪ್ರಯೋಗದಲ್ಲಿ ಅಳೆದದ್ದು ಏನು? ಕುಂಡದಲ್ಲಿ ನೀರು ನಿಲ್ಲಿಸಿ ಎಷ್ಟು ಗಿಡ ಬದುಕಿದವು ಎಂದು ಎಣಿಸಿದರೇ, ಹೊಲದಲ್ಲಿ ಅರೆಬರದಲ್ಲಿ ಎಷ್ಟು ಕಾಳು ಸಿಕ್ಕಿತು ಎಂದು ತೂಗಿದರೇ? ಮೊದಲನೆಯದರಲ್ಲಿ ಗೆದ್ದ ಗಿಡ ಕೆಲವೊಮ್ಮೆ ಬರೀ ಕುಳ್ಳಗಾಗಿ ನೀರನ್ನು ನಿಧಾನ ಕುಡಿಯುವುದಾಗಿರುತ್ತದೆ, ಅಷ್ಟೇ.

ಕಾಯುವ ತಂತ್ರ ಹೊಲದಲ್ಲಿ ಗೆದ್ದ ಉದಾಹರಣೆಯೂ ಇದೆ, ಅದು ಬರದ್ದಲ್ಲ, ನೆರೆಯದ್ದು. ಭತ್ತ ಪೂರ್ತಿ ಮುಳುಗಿದರೆ ತಲೆ ಎತ್ತಲು ಸರಸರನೆ ಉದ್ದವಾಗಿ ಇದ್ದಬದ್ದ ಶಕ್ತಿ ಸುಟ್ಟುಕೊಂಡು ಸೋಲುತ್ತದೆ. ಒಡಿಶಾದ ಹಳೆಯ ತಳಿಯೊಂದರಿಂದ ಬಂದು, 2006ರಲ್ಲಿ ಗುರುತಿಸಲ್ಪಟ್ಟ ಸಬ್1ಎ ವಂಶವಾಹಿ ಈ ಅವಸರವನ್ನು ತಡೆಯುತ್ತದೆ. ಗಿಡ ಸುಮಾರು ಎರಡು ವಾರ ನೀರಿನಡಿ ಸುಮ್ಮನಿದ್ದು, ನೀರಿಳಿದ ಮೇಲೆ ಮತ್ತೆ ಬೆಳೆಯುತ್ತದೆ. ಇದು ಫಲಿಸಲು ಕಾರಣ ಒತ್ತಡಕ್ಕೆ ಒಂದು ಆದಿ, ಒಂದು ಅಂತ್ಯ ಇರುವುದು. ನೆರೆ ಬರುತ್ತದೆ, ಇಳಿಯುತ್ತದೆ, ಹಂಗಾಮು ಇನ್ನೂ ಉಳಿದಿರುತ್ತದೆ. ಬರ ಹಾಗಲ್ಲ, ಅದು ಯಾವಾಗ ಮುಗಿಯುವುದೋ ಗಿಡಕ್ಕೂ ತಿಳಿಯದು. ಎದುರು ದಾರಿಯೂ ಉಂಟು. ಅರ್ಜೆಂಟೀನಾದ ರಾಕೆಲ್ ಚಾನ್ ಅವರ ತಂಡ ಸೂರ್ಯಕಾಂತಿಯ ಒಂದು ವಂಶವಾಹಿಯನ್ನು ಗೋಧಿಗೆ ಸೇರಿಸಿತು. ಅದರ ಗುರಿ ಗಿಡವನ್ನು ಮಲಗಿಸುವುದಲ್ಲ, ಬರದಲ್ಲೂ ಎಲೆಯ ಮುಪ್ಪನ್ನು ತಡಮಾಡಿ ದುಡಿಸುವುದು. ಆ ದೇಶ 2020ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಹೊಲದಲ್ಲಿ ಲಾಭ ಎಷ್ಟು ಎಂಬ ವಾದ ನಡೆದೇ ಇದೆ.

ಇದಲ್ಲದೆ ಒತ್ತಡ ಯಾವಾಗ ಬಂತು ಎಂಬುದು ಎಷ್ಟು ಬಂತು ಎಂಬುದಕ್ಕಿಂತ ದೊಡ್ಡದು. ಭತ್ತದ ಹೂ ಅರಳುವ ಹೊತ್ತಿನಲ್ಲಿ ಒಂದು ಗಂಟೆ ಬಿಸಿ 35 ಡಿಗ್ರಿ ದಾಟಿದರೂ ಪರಾಗ ಕೆಟ್ಟು ಆ ಹೂ ಜೊಳ್ಳಾಗಬಹುದು. ಅದೇ ಬಿಸಿಯನ್ನು ಒಂದು ತಿಂಗಳ ಹಿಂದೆ ಆ ಗಿಡ ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ. ಹಲವು ಸಸ್ಯಗಳ ಪರಾಗ ಬೀಜದಂತೆ ಒಣಗಿ ಬದುಕಬಲ್ಲದು. ಆದರೆ ಭತ್ತ, ಗೋಧಿ, ಮೆಕ್ಕೆಜೋಳ ಸೇರಿದ ಹುಲ್ಲಿನ ಕುಟುಂಬದ ಪರಾಗ ತೇವ ಇಟ್ಟುಕೊಂಡೇ ಹೊರಬರುತ್ತದೆ, ಒಣಗಿದರೆ ಬೇಗನೆ ಸಾಯುತ್ತದೆ. ಜಗತ್ತಿನ ಹೊಟ್ಟೆ ಹೊರೆಯುವ ಬೆಳೆಗಳೇ ಈ ದುರ್ಬಲ ಪರಾಗವನ್ನು ನಂಬಿಕೊಂಡಿವೆ. ಬೆಳಗಿನ ತಂಪಿನಲ್ಲೇ ಹೂ ಅರಳಿಸುವ ಭತ್ತದ ತಳಿಗಳ ಹುಡುಕಾಟ ನಡೆದಿರುವುದು ಇದರಿಂದಲೇ: ತಾಳುವುದಕ್ಕಿಂತ ತಪ್ಪಿಸಿಕೊಳ್ಳುವುದು ಅಗ್ಗ.

ತಾಯಿ ಕಂಡ ಹವೆ

ತಾಯಿಗಿಡ ಅನುಭವಿಸಿದ ಒತ್ತಡ ಬೀಜದ ನಡತೆಯನ್ನೂ ಬದಲಿಸುತ್ತದೆ. ಗೋಧಿ ಬಲಿಯುವಾಗ ಹವೆ ಬಿಸಿಯಾಗಿದ್ದರೆ ಕಾಳಿನ ನಿದ್ದೆ ತೆಳು, ತಂಪಾಗಿದ್ದರೆ ಗಾಢ. ನಿದ್ದೆ ತೆಳುವಾದ ತೆನೆಯ ಮೇಲೆ ಕೊಯ್ಲಿನ ಹೊತ್ತಿಗೆ ಮಳೆ ಸುರಿದರೆ ಕಾಳು ತೆನೆಯಲ್ಲೇ ಮೊಳೆಯುತ್ತದೆ. ಜಿಬ್ಬರೆಲಿನ್ ಸೂಚನೆಯಂತೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಕತ್ತರಿಸುತ್ತದೆ. ಅಂಥ ಕಾಳಿನ ಹಿಟ್ಟಿನಿಂದ ಬ್ರೆಡ್ ಮಾಡಿದರೆ ಅಂಟಂಟು. ಈ ತೊಂದರೆಯ ಬೀಜ ಬಿತ್ತಿದ್ದು ನಾವೇ: ಬಿತ್ತಿದ್ದೆಲ್ಲ ಒಟ್ಟಿಗೆ ಮೊಳೆಯಬೇಕೆಂದು ಸಾವಿರಾರು ವರ್ಷ ಆರಿಸುತ್ತ ಬಂದು, ಕಾಡುಹುಲ್ಲಿಗಿದ್ದ ಗಾಢನಿದ್ದೆಯನ್ನು ಕಳೆದಿದ್ದೇವೆ. ತಳಿ ತಜ್ಞರು ಈಗ ಅದರಲ್ಲಿ ಸ್ವಲ್ಪವನ್ನು, ಕೆಲವು ವಾರದಷ್ಟನ್ನು ಮಾತ್ರ, ಹಿಂದಕ್ಕೆ ತರಲು ಹೆಣಗುತ್ತಿದ್ದಾರೆ.

ಬೀಜದ ಚೀಲದ ಮೇಲಿನ ‘ಮೊಳಕೆ ಪ್ರಮಾಣ’ ಇವೆಲ್ಲವನ್ನೂ ಹೇಳುವುದಿಲ್ಲ. ಆ ಪರೀಕ್ಷೆ ನಡೆಯುವುದು ಬೀಜಕ್ಕೆ ಹಿತವಾದ ತೇವ, ಹಿತವಾದ ಬೆಚ್ಚಗಿನಲ್ಲಿ. ಅದಕ್ಕೇ ಕಸುವನ್ನು ಅಳೆಯಲು ಬೀಜಕ್ಕೆ ಬೇಕೆಂದೇ ಕಷ್ಟ ಕೊಡುವ ಪರೀಕ್ಷೆಗಳು ಬಂದವು. ಬಟಾಣಿಯನ್ನು ನೀರಿನಲ್ಲಿ ನೆನೆಸಿ, ಹರಿದ ಪೊರೆಗಳಿಂದ ಎಷ್ಟು ಲವಣ ಸೋರಿತು ಎಂದು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಮೆಕ್ಕೆಜೋಳವನ್ನು 10 ಡಿಗ್ರಿಯ ತಣ್ಣನೆ ಒದ್ದೆಮಣ್ಣಿನಲ್ಲಿ ಒಂದು ವಾರ ಇಟ್ಟು ಆಮೇಲೆ ಬೆಚ್ಚಗೆ ಮಾಡುತ್ತಾರೆ. ಸೋಯಾ ಅವರೆಯನ್ನು 41 ಡಿಗ್ರಿಯ ಬಿಸಿಯಲ್ಲಿ, ನೀರಾವಿ ತುಂಬಿದ ಪೆಟ್ಟಿಗೆಯಲ್ಲಿ 72 ಗಂಟೆ ಇಟ್ಟು ಮುಪ್ಪನ್ನು ಅವಸರಿಸಿ, ಬಳಿಕ ಮೊಳಕೆಗೆ ಹಾಕುತ್ತಾರೆ. ಮಾಮೂಲಿ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದ ಎರಡು ರಾಶಿಗಳಲ್ಲಿ ಒಂದು ಈ ಪೆಟ್ಟಿಗೆಯಿಂದ ಬಂದ ಮೇಲೂ ಚೆನ್ನಾಗಿ ಮೊಳೆತು, ಇನ್ನೊಂದು ಅರ್ಧಕ್ಕೆ ಕುಸಿಯುವುದುಂಟು. ಕುಸಿದ ರಾಶಿಯನ್ನು ಎಸೆಯಬೇಕಾಗಿಲ್ಲ. ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳದೆ, ಹದವಾದ ಬೆಚ್ಚನೆ ಮಣ್ಣಿರುವಾಗ ಈ ಹಂಗಾಮಿಗೇ ಬಿತ್ತಿ ಮುಗಿಸಬೇಕು.